ಮೀರ್ ಸಾಹೇಬರಿಗೆ ಕಾಣದ ಚಂದ್ರ

ಭೀಮೆಯ ದಂಡೆಯ ಸಫಾಗಢಕ್ಕೆ ಮಳೆ ಹಿಡಿಯಿತೆಂದರೆ ಆ ರಾಜಧಾನಿಯ ಸಕಲ ವೈಭವವೂ ಮೊಣಕಾಲುದ್ದ ಎರೆಮಣ್ಣಿನಲ್ಲಿ ಹೂತುಕೊಳ್ಳುತ್ತಿತ್ತು. ಮುಗಿಲಿಗೆ ಎದ್ದ ಮಿನಾರುಗಳು, ನೀಲಿ ಹಂಚಿನ ಗುಮ್ಮಟಗಳು, ಶಿರಾಜದ ಕುದುರೆಗಳು ಕೆನೆಯುವ ಪೇಟೆ, ಅತ್ತರಿನವರ ಓಣಿ, ಮಖಮಲ್ಲಿನ ಅಂಗಡಿ, ಇವೆಲ್ಲ ಕಣ್ಣಿಗೆ ಹಬ್ಬವೇ ಸರಿ. ಆದರೆ ನೋಡಲು ನಿಂತವನು ಮೊದಲು ತನ್ನ ಕಾಲಿನ ಜೋಡು ಎಲ್ಲಿ ಸಿಕ್ಕಿಕೊಂಡಿತು ಅಂತ ನೋಡಬೇಕಾಗಿತ್ತು. ಆ ವರ್ಷ ಸುಲ್ತಾನರ ಪಟ್ಟದಾನೆಯೇ ಬಜಾರಿನ ನಟ್ಟನಡುವೆ ಹೂತುಹೋಯಿತು. ಎತ್ತಲು ಜನ ಬೇಕಾದಷ್ಟಿದ್ದರು. ಯಾವ ಪಕ್ಷದ ಜನ ಎತ್ತಬೇಕು ಎಂಬುದು ತೀರ್ಮಾನವಾಗದೆ ಆನೆ ಅಲ್ಲೇ ನಿಂತು, ಅಕ್ಕಪಕ್ಕದ ಅಂಗಡಿಗಳ ಕಬ್ಬು ತಿಂದು, ಕಡೆಗೆ ತಾನೇ ಎದ್ದುಕೊಂಡು ಲಾಯಕ್ಕೆ ಹೋಯಿತು.

ಸಫಾಗಢದಲ್ಲಿ ಎಲ್ಲವೂ ಎರಡೆರಡು. ಪಾರಸೀಕ ದೇಶದಿಂದ ಹಡಗು ಹತ್ತಿ ಬಂದ ಶಿಯಾ ಸರದಾರರನ್ನು ಊರವರು ವಿಲಾಯತಿಗಳು ಅನ್ನುತ್ತಿದ್ದರು. ಇಲ್ಲೇ ಹುಟ್ಟಿ ಜೋಳದ ರೊಟ್ಟಿ ತಿಂದು ಬೆಳೆದ ಸುನ್ನಿ ಸರದಾರರು ದಖನಿಗಳು. ಸ್ನಾನಕ್ಕೆ ಅವರಿಗೊಂದು ಹಮಾಮು, ಇವರಿಗೊಂದು ಹಮಾಮು. ಅವರಿಗೊಬ್ಬ ಕ್ಷೌರಿಕ, ಇವರಿಗೊಬ್ಬ. ತಲೆ ಕಡಿಯುವ ಕಟುಕ ಮಾತ್ರ ಒಬ್ಬನೇ ಇದ್ದ. ಅವನ ಕೈಗುಣದ ಮೇಲೆ ಇಬ್ಬರಿಗೂ ಸಮಾನ ವಿಶ್ವಾಸ. ಸುಲ್ತಾನರು ಹಾಸಿಗೆ ಹಿಡಿದು ವರ್ಷವಾಗಿತ್ತು. ಎರಡೂ ಕಡೆಯ ಹಕೀಮರು ಕೊಡುವ ಔಷಧಗಳು ಒಂದರ ಗುಣವನ್ನು ಒಂದು ಹೊಡೆದುಹಾಕುತ್ತಿದ್ದರಿಂದಲೇ ಬದುಕಿದ್ದಾರೆ ಅಂತ ಅರಮನೆಯ ಅಡುಗೆಯವರು ಮಾತಾಡಿಕೊಳ್ಳುತ್ತಿದ್ದರು. ಅವರು ಕಣ್ಣು ಮುಚ್ಚಿದ ದಿನ ಊರಿನಲ್ಲಿ ರಕ್ತ ಹರಿಯುವುದು ಖಂಡಿತವೆಂದು ಎಲ್ಲರಿಗೂ ಗೊತ್ತಿತ್ತು. ಯಾರದು ಮೊದಲು ಎಂಬುದೊಂದೇ ಸಂಶಯ.

ಇಂಥ ಊರನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದವರು ಮೀರ್ ರಫೀ ಶುಸ್ತರಿ. ಶಿಯಾ ಧರ್ಮಗುರು, ಸುಲ್ತಾನರ ನ್ಯಾಯಾಧಿಕಾರಿ, ವಿಲಾಯತಿಗಳ ಪರಮ ಮುಖಂಡ. ತೆಳ್ಳಗಿನ ಆಳು, ಗಾಳಿ ಜೋರಾದರೆ ಪೇಟವೇ ಅವರನ್ನು ಎತ್ತಿಕೊಂಡು ಹೋದೀತು ಎಂಬಂತಿದ್ದರು. ಅವರು ಹರೆಯದಲ್ಲಿ ಶುಸ್ತರ್ ಪಟ್ಟಣದಿಂದ ಬಂದಾಗ ಮೊಹರಮ್ಮಿನ ಮೊದಲ ದಿನವೇ ಹೆಣ ಬೀಳುತ್ತಿದ್ದವು. ಚಂದ್ರ ಕಂಡಿತು ಅಂತ ಒಂದು ಪಕ್ಷ, ಇಲ್ಲ ಅಂತ ಇನ್ನೊಂದು ಪಕ್ಷ. ಎರಡೂ ಕಡೆ ಬಾಡಿಗೆಯ ಸಾಕ್ಷಿಗಳು. ಎರಡು ಲೆಕ್ಕದ ಎರಡು ಮೆರವಣಿಗೆಗಳು ಬಜಾರಿನಲ್ಲಿ ಎದುರಾದರೆ ಕತ್ತಿ. ಮೀರ್ ಸಾಹೇಬರು ಒಂದು ದಿನ ಒಬ್ಬರೇ ನಡೆದುಕೊಂಡು ದಖನಿಗಳ ನಾಯಕ ಸಬೂರ್ ಖಾನನ ಮನೆಗೆ ಹೋದರು. ಸಬೂರ್ ಖಾನ್ ಹಬಶಿ, ಆಫ್ರಿಕದವನಾದರೂ ದಖನಿಗಳ ಪಾಲಿಗೆ ತಮ್ಮವನೇ. ಗುಲಾಮನಾಗಿ ಬಂದು ಸೇನಾಪತಿಯಾದವನು. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ.

"ಖಾನ್ ಸಾಹೇಬ್, ಚಂದ್ರ ಕಂಡಿತು ಅಂತ ನಾನು ಹೇಳುತ್ತೇನೆ. ಗುದ್ದಲಿ ನೀವು ಹಾಕಿ. ನನ್ನ ಮಾತಿಲ್ಲದೆ ನಿಮ್ಮ ಗುದ್ದಲಿ ಬೀಳಬಾರದು, ನಿಮ್ಮ ಗುದ್ದಲಿ ಬೀಳದೆ ನನ್ನ ಮಾತು ನಡೆಯಬಾರದು."

ಆವತ್ತಿನಿಂದ ಅದೇ ರಿವಾಜು. ಮೊಹರಮ್ಮಿನ ಚಂದ್ರ ಹುಟ್ಟುವ ಸಂಜೆ ಮೊಹರಮ್ಮಿನ ಪಂಜಾಗಳನ್ನಿಡುವ ಆಶುರಖಾನೆಯ ಮಾಳಿಗೆ ಹತ್ತಿ ಮೀರ್ ಸಾಹೇಬರು "ಕಂಡಿತು" ಅನ್ನಬೇಕು, ನಗಾರಿ ಮೊಳಗಬೇಕು. ಕೆಳಗೆ ಸಬೂರ್ ಖಾನ್ ಬರಿಗಾಲಲ್ಲಿ, ಬರಿದಲೆಯಲ್ಲಿ, ಮೈಮೇಲೆ ಒಂದು ಚಾಕು ಸಹ ಇಲ್ಲದೆ, ಬೆಂಕಿಯ ಅಲಾವಿ ಕುಣಿಗೆ ಮೊದಲ ಗುದ್ದಲಿ ಹಾಕಬೇಕು. ಬೇರೆ ಯಾರ ಸಾಕ್ಷಿಯೂ ನಡೆಯದು. ಮೀರ್ ಸಾಹೇಬರ ಕಣ್ಣೇ ಊರಿನ ಕಣ್ಣು. ಆ ಕಣ್ಣಾದರೋ, ಮಾಳಿಗೆಯ ಮೇಲೆ ನಿಂತು, ಭೀಮೆಯ ಆಚೆ ದಂಡೆಯ ಪೇರಲ ತೋಟದಲ್ಲಿ ಕದಿಯುತ್ತಿರುವವನ ಹೆಸರು ಹೇಳುವಂಥದ್ದು.

ಆ ವರ್ಷ ಚಂದ್ರ ನೋಡುವ ದಿನ ಬೆಳಗಿನಿಂದಲೂ ಮೋಡ ಕವಿದಿತ್ತು. ಮಧ್ಯಾಹ್ನ ಮೀರ್ ಸಾಹೇಬರು ಬರೆಯುವ ಬಿದಿರಿನ ಲೆಕ್ಕಣಿಕೆ ಕೆತ್ತುತ್ತ ಕೂತಿದ್ದಾಗ ಅಳಿಯ ಮಿರ್ಜಾ ಇಸ್ಫಂದ್ ಬೇಗ್ ಬಂದ. ವಿಲಾಯತಿ ದಂಡಿನ ಸರದಾರ, ಚೆಲುವ, ಮುಂಗೋಪಿ. ಅವನ ಹಿಂದೆ ಆಯುಧ ಹಿಡಿದ ಆಳುಗಳು ಅಂಗಳ ತುಂಬ ನಿಂತುಕೊಂಡರು.

"ಇವರೆಲ್ಲ ಯಾಕಪ್ಪ?"

"ತಮ್ಮ ರಕ್ಷಣೆಗೆ, ಮಾವನವರೇ."

"ಯಾರಿಂದ?"

ಇಸ್ಫಂದ್ ಬಾಗಿಲು ಮುಂದೆ ಮಾಡಿ ಎದುರಿಗೆ ಕೂತ. ಕೂತದ್ದು ಲೆಕ್ಕಣಿಕೆಯ ಚೂಪಾದ ಚೂರಿನ ಮೇಲೆ. ಆದ್ದರಿಂದ ಅವನು ಆಮೇಲೆ ಹೇಳಿದ ಘನಗಂಭೀರ ಮಾತುಗಳನ್ನೆಲ್ಲ ನಿಂತುಕೊಂಡೇ ಹೇಳಬೇಕಾಯಿತು.

"ಇವತ್ತು ಸಬೂರ್ ಖಾನನ ಕುದುರೆ ದಂಡು ಊರಲ್ಲಿಲ್ಲ. ಗಡಿಯ ಠಾಣೆಗೆ ಹೋದದ್ದು ನಾಳೆ ಬೆಳಗ್ಗೆ ವಾಪಸು ಬರುತ್ತದೆ. ಇವತ್ತು ಸಂಜೆ ಅವನು ಒಬ್ಬನೇ, ಬರಿಗೈಲಿ, ತಲೆ ತಗ್ಗಿಸಿ ಗುದ್ದಲಿ ಎತ್ತುತ್ತಾನೆ. ನಮ್ಮ ಆಳುಗಳು ಫಕೀರರ ವೇಷದಲ್ಲಿ ಸುತ್ತ ಇರುತ್ತಾರೆ. ನಗಾರಿಗೆ ಏಟು ಬಿದ್ದ ಕೂಡಲೇ ಕೆಲಸ ಮುಗಿಯುತ್ತೆ. ನಾವು ಮುಗಿಸದಿದ್ದರೆ ಸುಲ್ತಾನರು ಕಣ್ಣು ಮುಚ್ಚಿದ ದಿನ ಅವನು ನಮ್ಮನ್ನು ಮಕ್ಕಳು ಮರಿ ಸಮೇತ ಹಡಗು ಹತ್ತಿಸುತ್ತಾನೆ. ಹಡಗಿನವರೆಗೂ ಬಿಟ್ಟರೆ ಪುಣ್ಯ."

"ಅವನು ಹಾಗಂತ ಹೇಳಿದನೇ?"

"ಹೇಳಿ ಮಾಡುತ್ತಾರೆಯೇ ಯಾರಾದರೂ?"

"ನೀನು ಹೇಳುತ್ತಿದ್ದೀಯಲ್ಲ."

"ತಮಗೆ ಹೇಳಲೇಬೇಕಾಗಿದೆ." ಇಸ್ಫಂದ್ ಕಿಟಕಿಯ ಹೊರಗೆ ನೋಡಿದ. "ಈ ಹಾಳು ಮೋಡ ನೋಡಿ. ಚಂದ್ರ ಕಾಣದಿದ್ದರೆ ನಗಾರಿ ಇಲ್ಲ, ಗುದ್ದಲಿ ಇಲ್ಲ, ನಾಳೆ ಕುದುರೆಗಳು ಬಂದುಬಿಡುತ್ತವೆ. ಅದಕ್ಕೇ, ಮೋಡವಿದ್ದರೂ ತಾವು ಕಂಡಿತು ಅಂದುಬಿಡಿ. ತಮ್ಮ ಮಾತನ್ನು ಯಾರೂ ಪ್ರಶ್ನೆ ಮಾಡಲ್ಲ."

ಮೀರ್ ಸಾಹೇಬರು ಎದ್ದು ನಿಂತರು. "ಚಂದ್ರನ ವಿಷಯದಲ್ಲಿ ನಾನು ಜನ್ಮದಲ್ಲಿ ಸುಳ್ಳು ಸಾಕ್ಷಿ ಹೇಳಿದವನಲ್ಲ. ಇನ್ನು ಮುಂದೆಯೂ ಹೇಳುವುದಿಲ್ಲ. ಒಬ್ಬ ಮನುಷ್ಯ ಇಮಾಮ್ ಹುಸೇನರ ಹೆಸರಲ್ಲಿ ಆಯುಧ ಇಳಿಸಿ ನಿಂತಾಗ ಹಿಂದಿನಿಂದ ಹೊಡೆದು, ಆಮೇಲೆ ಅದೇ ಹುಸೇನರಿಗಾಗಿ ಎದೆ ಬಡಿದುಕೊಳ್ಳುತ್ತೀಯಾ? ನಾಚಿಕೆಯಾಗಬೇಕು."

"ನಾಚಿಕೆ ಬದುಕಿದವರಿಗೆ, ಮಾವನವರೇ. ತಾವು ಹೇಳದಿದ್ದರೂ ಸರಿ, ಮೋಡ ಸರಿಯಲಿ ಅಂತ ನಾನು ದುವಾ ಮಾಡುತ್ತೇನೆ. ಸಂಜೆಯವರೆಗೆ ಈ ಮನೆಯಿಂದ ಯಾರೂ ಹೊರಗೆ ಹೋಗುವಂತಿಲ್ಲ. ಸಕೀನಾ ಬಸುರಿ, ಅವಳನ್ನು ನೆನಪಿಡಿ."

ಸಕೀನಾ ಮೀರ್ ಸಾಹೇಬರ ಒಬ್ಬಳೇ ಮಗಳು. ಅಳಿಯ ಹೊರಗೆ ಹೋದ ಮೇಲೆ ಮುದುಕರು ಕೋಣೆಯಲ್ಲಿ ಒಬ್ಬರೇ ಕೂತು ಎಣಿಕೆ ಹಾಕಿದರು. ಕೂಗಿ ಹೇಳಿಬಿಟ್ಟರೆ? ಸಬೂರ್ ಖಾನ್ ಉಳಿಯುತ್ತಾನೆ. ಆದರೆ ಸಂಚಿನ ಸುದ್ದಿ ಬಾಯಿಗೆ ಬಿದ್ದ ಕ್ಷಣದಲ್ಲೇ ದಖನಿಗಳು ವಿಲಾಯತಿ ಓಣಿಗಳಿಗೆ ಬೆಂಕಿ ಹಚ್ಚುತ್ತಾರೆ. ಸಂಚು ಗೊತ್ತಿದ್ದವರು ಯಾರು, ಗೊತ್ತಿಲ್ಲದ ನೇಕಾರ, ರೊಟ್ಟಿಗಾರ, ಬಸುರಿ ಯಾರು ಅಂತ ಬೆಂಕಿ ವಿಚಾರಿಸುವುದಿಲ್ಲ. ಸುಮ್ಮನಿದ್ದರೆ? ಸಬೂರ್ ಖಾನ್ ಸಾಯುತ್ತಾನೆ, ನಾಳೆ ಕುದುರೆಗಳು ಬಂದು ಅದೇ ಓಣಿಗಳಿಗೆ ಅದೇ ಬೆಂಕಿ. ಎತ್ತ ತಿರುಗಿದರೂ ಊರು ಉರಿಯುತ್ತಿತ್ತು. ಉಳಿದದ್ದು ಒಂದೇ, ಮೋಡ. ಒಂದು ರಾತ್ರಿ ದಾಟಿದರೆ ಸಾಕು. ಹೋದ ವರ್ಷ ಬರ ಬಿದ್ದಾಗ ಊರೆಲ್ಲ ಕರೆದುಕೊಂಡು ಹೋಗಿ ಬಯಲಲ್ಲಿ ಮಳೆಗಾಗಿ ಬೇಡಿ, ಒಂದು ಹನಿಯೂ ಬೀಳದೆ, ಬಿಸಿಲು ಹೊಡೆದು ಹಾಸಿಗೆ ಹಿಡಿದಿದ್ದ ಮೀರ್ ಸಾಹೇಬರು ಈಗ ಮೊಣಕಾಲೂರಿ, ಇರುವ ಮೋಡವೊಂದು ಇದ್ದಲ್ಲೇ ಇರಲಿ ಅಂತ ಬೇಡಿದರು. ಇದೇನು ದೊಡ್ಡ ಬೇಡಿಕೆಯಲ್ಲ ಅಂತ ಅವರಿಗೆ ಅನ್ನಿಸಿತ್ತು.

ಸಂಜೆ ಆಶುರಖಾನೆಯ ಮುಂದೆ ಸೂಜಿ ಬೀಳಲು ಜಾಗವಿರಲಿಲ್ಲ. ಎರಡೂ ಪಕ್ಷದ ಜನ, ಲಿಂಗಾಯತ ಸೆಟ್ಟರು, ಹರಕೆ ಹೊತ್ತ ಹೆಂಗಸರು, ಹುಲಿವೇಷಕ್ಕೆ ಆಗಲೇ ಅರ್ಧ ಬಣ್ಣ ಬಳಿದುಕೊಂಡ ಗಂಡಸರು. ಮೀರ್ ಸಾಹೇಬರು ಮಾಳಿಗೆಯ ಅಂಚಿಗೆ ಬಂದು ನಿಂತರು. ಒಂದು ಪಕ್ಕ ಇಸ್ಫಂದ್. ಇನ್ನೊಂದು ಪಕ್ಕ ನಗಾರಿಯ ಹುಸೇನಪ್ಪ. ಹುಸೇನರ ಪಂಜಾಕ್ಕೆ ಹರಕೆ ಹೊತ್ತು ಹಡೆದ ತಾಯಿ ಇಟ್ಟ ಹೆಸರು. ಕೆಳಗೆ ಸಬೂರ್ ಖಾನ್ ನೆರೆತ ತಲೆ ಬಿಚ್ಚಿಕೊಂಡು, ಕೆಸರಲ್ಲಿ ಬರಿಗಾಲೂರಿ, ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ನಿಂತಿದ್ದ. ಅವನ ಸುತ್ತ ಫಕೀರರು. ಭಿಕ್ಷೆ ಬೇಡುವವರ ಕೈ ಜೋಳಿಗೆಯ ಒಳಗೆ ಯಾಕಿರಬೇಕು ಅಂತ ಮಾಳಿಗೆಯ ಮೇಲಿನ ಆ ಕಣ್ಣುಗಳಿಗೆ ಚೆನ್ನಾಗಿ ಕಾಣುತ್ತಿತ್ತು.

"ಮೀರ್ ಸಾಹೇಬ್, ಬೇಗ ಹೇಳಿ!" ಸಬೂರ್ ಖಾನ್ ಕೆಳಗಿನಿಂದ ಕೂಗಿದ. "ಕಾಲು ಹೂತುಹೋಗುತ್ತಿದೆ. ಇನ್ನು ಸ್ವಲ್ಪ ತಡವಾದರೆ ಈ ಗುದ್ದಲಿ ನನ್ನನ್ನು ಅಗೆದು ತೆಗೆಯೋದಕ್ಕೇ ಬೇಕಾಗುತ್ತೆ."

ಜನ ನಕ್ಕರು. ಫಕೀರರೂ ನಕ್ಕರು. ಪಡುವಣದಲ್ಲಿ ಮೋಡ ಕಂಬಳಿಯ ಹಾಗೆ ದಪ್ಪಗಿತ್ತು. ಮೀರ್ ಸಾಹೇಬರು ಒಳಗೊಳಗೇ ಕೃತಜ್ಞತೆ ಹೇಳಲು ಶುರುಮಾಡಿದರು. ಅದೇ ತಪ್ಪಾಯಿತೋ ಏನೋ. ಭೀಮೆಯ ಕಡೆಯಿಂದ ಒಂದು ಗಾಳಿ ಬಂತು. ಬೆಳಗಿನಿಂದ ಜಗ್ಗದ ಮೋಡ ಹೆಂಗಸರು ಸೆರಗು ಸರಿಸಿದಷ್ಟು ಸುಲಭವಾಗಿ ಸರಿದು ಪಕ್ಕಕ್ಕೆ ಹೋಯಿತು. ತೊಳೆದಿಟ್ಟ ಆಕಾಶದಲ್ಲಿ, ಈಗಷ್ಟೆ ಕತ್ತರಿಸಿದ ಉಗುರಿನ ಹಾಗೆ, ಯಾರಿಗೂ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಚಂದ್ರ ನಿಂತಿದ್ದ.

"ಅಗೋ, ಅಲ್ಲೇ ನೋಡ್ರೆವ್ವಾ!" ಮಜ್ಜಿಗೆ ಮಾರುವ ನೀಲವ್ವ ಕೂಗಿದಳು. ಅವಳಿಗೆ ಒಂದೇ ಕಣ್ಣು. "ಹುಣಸೀ ಗಿಡದ ಮ್ಯಾಲ!"

ಊರಿಗೆ ಊರೇ ಬೆರಳೆತ್ತಿ ತೋರಿಸಿತು. ತೊಟ್ಟಿಲ ಕೂಸುಗಳ ಗದ್ದ ಹಿಡಿದು ತಿರುಗಿಸಿದರು. ಹುಸೇನಪ್ಪ ನಗಾರಿಯ ಕೋಲು ಎತ್ತಿ ಹಿಡಿದ. ಫಕೀರರ ಕೈ ಜೋಳಿಗೆಯಲ್ಲಿ ಬಿಗಿಯಾಯಿತು. ಸಬೂರ್ ಖಾನ್ ತಲೆ ತಗ್ಗಿಸಿ ಗುದ್ದಲಿ ಎತ್ತಿದ. ಅವನ ಕುತ್ತಿಗೆಯ ಹಿಂದಿನ ಸುಕ್ಕು ಸಹ ಮೀರ್ ಸಾಹೇಬರಿಗೆ ಕಾಣಿಸಿತು.

ಆದರೆ ಮೀರ್ ಸಾಹೇಬರು ಬಾಯಿ ಬಿಡಲಿಲ್ಲ.

"ಸಾಹೇಬ್ರ," ಹುಸೇನಪ್ಪ ಪಿಸುಗುಟ್ಟಿದ, "ನನ್ನ ಬೆರಳ ಗುಂಟ ನೋಡ್ರಿ. ಅಲ್ಲೇ ಅದಾನ್ರಿ."

"ಎಲ್ಲಪ್ಪ?"

"ಅಲ್ರೀ, ನಿಮ್ಮ ಮೂಗಿನ ಮುಂದ ಅದಾನಲ್ರಿ!"

"ನನಗೇನೂ ಕಾಣಿಸುತ್ತಿಲ್ಲ," ಅಂದರು ಮೀರ್ ಸಾಹೇಬರು, ಎಲ್ಲರಿಗೂ ಕೇಳುವಂತೆ.

ಜನ ಮೊದಲು ನಕ್ಕರು. ಮುದುಕರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರು. ನಗು ಮುಂದಿನ ಸಾಲಿನಲ್ಲಿ ನಿಂತು, ಆಮೇಲೆ ಹಿಂದಿನ ಸಾಲಿನಲ್ಲಿ ನಿಂತು, ಕಡೆಗೆ ಬಯಲೆಲ್ಲ ಮೌನವಾಯಿತು. ಇಸ್ಫಂದ್ ಕಿವಿಯ ಹತ್ತಿರ ಬಾಗಿದ.

"ಮಧ್ಯಾಹ್ನ ಸುಳ್ಳು ಹೇಳಲ್ಲ ಅಂದಿರಿ, ಮಾವನವರೇ. ಈಗ ನಿಜ ಹೇಳೋಕೂ ಆಗೋಲ್ಲವೇ?"

ಪ್ರಾಣಕ್ಕೆ ಅಪಾಯವಿದ್ದಾಗ ನಿಜವನ್ನು ಮುಚ್ಚಿಟ್ಟರೆ ದೋಷವಿಲ್ಲ ಅಂತ ಮೀರ್ ಸಾಹೇಬರೇ ಮದರಸಾದಲ್ಲಿ ವರ್ಷಾನುಗಟ್ಟಲೆ ಪಾಠ ಹೇಳಿದ್ದರು. ಆ ಪ್ರಾಣ ಎದುರು ಪಕ್ಷದವನದಾದರೆ ಹೇಗೆ ಅಂತ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಯೋಚಿಸಿಟ್ಟುಕೊಳ್ಳಬಹುದಿತ್ತು. ಅವರು ಎರಡು ಕೈಯನ್ನೂ ಮುಂದೆ ಚಾಚಿ ಮಾಳಿಗೆಯ ಗೋಡೆಯನ್ನು ತಡಕಿ ಹಿಡಿದುಕೊಂಡರು.

"ಸಫಾಗಢದ ಮಹಾಜನರೇ! ಇಷ್ಟು ದಿನ ನಾಚಿಕೆಪಟ್ಟು ಮುಚ್ಚಿಟ್ಟಿದ್ದೆ. ನನ್ನ ಕಣ್ಣು ಹೋಗಿದೆ. ನಿಮ್ಮ ಕೂಗು ಕೇಳುತ್ತಿದೆ, ಚಂದ್ರ ಕಾಣುತ್ತಿಲ್ಲ. ಕಾಣದ್ದನ್ನು ಕಂಡಿತು ಅನ್ನಲಾರೆ. ನಾಳೆ ತಿಂಗಳ ಮೂವತ್ತು ದಿನ ತಾನಾಗಿ ತುಂಬುತ್ತದೆ, ಅದಕ್ಕೆ ಯಾರ ಕಣ್ಣೂ ಬೇಡ. ಗುದ್ದಲಿ ನಾಳೆ ಬೀಳಲಿ. ಇವತ್ತಿನಿಂದ ನಾನು ನ್ಯಾಯಾಧಿಕಾರಿಯಲ್ಲ. ಕುರುಡ ಸಾಕ್ಷಿಯಾಗಲಾರ, ನ್ಯಾಯ ಹೇಳಲಾರ."

ಹೋ ಎಂದು ಗದ್ದಲವೆದ್ದಿತು. "ನಾವು ನೋಡೀವಿ! ಹಾಕ್ರಿ ಗುದ್ದಲಿ, ಖಾನ್ ಸಾಹೇಬ್ರ!" ದಖನಿಗಳೇ ಕೂಗುತ್ತಿದ್ದರು. ಇಸ್ಫಂದನ ಮುಖದ ಮೇಲೆ ಆಸೆ ಮೂಡಿತು. ಸಬೂರ್ ಖಾನ್ ಎತ್ತಿದ ಗುದ್ದಲಿ ಎತ್ತಿದಂತೆಯೇ ಹಿಡಿದು ಒಮ್ಮೆ ಚಂದ್ರನನ್ನು ನೋಡಿದ, ಒಮ್ಮೆ ಮಾಳಿಗೆಯನ್ನು ನೋಡಿದ.

"ಸುಮ್ಮನಿರಿ!" ಸಬೂರ್ ಖಾನ್ ಗದರಿದ. "ಒಪ್ಪಂದ ಅಂದರೆ ಒಪ್ಪಂದ. ಮೀರ್ ಸಾಹೇಬರಿಗೆ ಕಾಣದ ಚಂದ್ರ ನನಗೂ ಕಾಣೋದಿಲ್ಲ." ಗುದ್ದಲಿ ಇಳಿಸಿ ಕಾಲು ಎತ್ತಲು ಹೋದ. ಕಾಲು ಬರಲಿಲ್ಲ. ಹತ್ತಿರವಿದ್ದ ದಖನಿಗಳು ಓಡಿಬಂದು ಸುತ್ತುವರಿದು, ಕಂಕುಳಿಗೆ ಕೈಕೊಟ್ಟು, ಎಳೆದು, ಒಂದು ದೊಡ್ಡ ಸದ್ದಿನೊಂದಿಗೆ ಕಿತ್ತು ತೆಗೆದರು. ಫಕೀರರು ನಗಾರಿಯ ಸದ್ದಿಗಾಗಿ ಕಿವಿ ನೆಟ್ಟು ನಿಂತೇ ಇದ್ದರು. ನಗಾರಿಗೆ ಏಟು ಬೀಳಲಿಲ್ಲ. ಹುಸೇನಪ್ಪ ಕೋಲು ಕೆಳಗಿಟ್ಟು, ಅಳುತ್ತ ಮೀರ್ ಸಾಹೇಬರ ಕೈ ಹಿಡಿದುಕೊಂಡ.

"ಮಾವನವರ ಕೈ ಬಿಡು," ಇಸ್ಫಂದ್ ಹುಸೇನಪ್ಪನಿಗೆ ಹೇಳಿದ. "ಇಷ್ಟು ದಿನ ಯಾರ ಕೈ ಹಿಡಿದೂ ನಡೆದವರಲ್ಲ. ಇವತ್ತೂ ಒಬ್ಬರೇ ಇಳಿಯಲಿ. ನಾನು ನೋಡಬೇಕು."

ಮಾಳಿಗೆಯ ಮೆಟ್ಟಿಲುಗಳ ನಡುವೆ ಒಂದು ಕಲ್ಲು ಮಳೆಗೆ ಕಿತ್ತುಹೋಗಿ ಅಲ್ಲೊಂದು ಹಳ್ಳವಾಗಿತ್ತು. ಮೀರ್ ಸಾಹೇಬರು ಮೇಲಿನಿಂದಲೇ ಅದನ್ನು ನೋಡಿದರು. ಹತ್ತುವಾಗ ನಿಲುವಂಗಿ ಎತ್ತಿಕೊಂಡು ದಾಟಿದ್ದು ಅದನ್ನೇ. ಗೋಡೆ ಸವರುತ್ತ ಒಂದೊಂದೇ ಮೆಟ್ಟಿಲು ಇಳಿದರು. ಹಳ್ಳ ಹತ್ತಿರ ಬಂತು. ಕಾಲಿಗೆ ಎಷ್ಟು ಹೇಳಿದರೂ ಅದು ಮುಂದೆ ಹೋಗಲೊಲ್ಲದು. ಅರವತ್ತು ದಾಟಿದ ಕಾಲಿಗೆ ತನ್ನದೇ ಆದ ವಿವೇಕವಿರುತ್ತದೆ. ಅವರು ಬಾಯಲ್ಲಿ "ಯಾ ಹುಸೇನ್" ಎಂದು ಸರಿಯಾಗಿ ಅದರ ನಡುಮಧ್ಯಕ್ಕೇ ಕಾಲಿಟ್ಟರು.

ಕಣ್ಣಿದ್ದವನು ಹಾಗೆ ಬೀಳುವುದು ಸಾಧ್ಯವೇ ಇಲ್ಲ ಅಂತ ನೋಡಿದವರೆಲ್ಲ ಆಮೇಲೆ ಸಾಕ್ಷಿ ಹೇಳಿದರು. ಎಡಗಾಲು ಮುರಿದಿತ್ತು, ಮುಂದಿನ ಹಲ್ಲು ಉದುರಿತ್ತು, ಪೇಟ ಮಾತ್ರ ಒಂದಿಷ್ಟೂ ಹಾಳಾಗದೆ ಅವರಿಗಿಂತ ಮೊದಲೇ ಕೆಳಗೆ ಹೋಗಿ ಕೂತಿತ್ತು.

ಮಾರನೆಯ ಬೆಳಗ್ಗೆ ಸಬೂರ್ ಖಾನನ ಕುದುರೆಗಳು ಹೊಟ್ಟೆಯವರೆಗೂ ಕೆಸರು ಮೆತ್ತಿಕೊಂಡು ಊರೊಳಗೆ ಬಂದವು. ಸಂಜೆ ಆ ಸವಾರರ ನಡುವೆ ಗುದ್ದಲಿ ಬಿತ್ತು, ನಗಾರಿ ಮೊಳಗಿತು, ಯಾರೂ ಸಾಯಲಿಲ್ಲ. ಫಕೀರರು ಕಾಣೆಯಾಗಿದ್ದರು. ಅವರಲ್ಲಿ ಒಬ್ಬನ ಜೋಳಿಗೆಗೆ ಎರಡು ದಿನದಲ್ಲಿ ರೊಟ್ಟಿ ಪಲ್ಯ ಚೆನ್ನಾಗಿ ಬಿದ್ದು, ಅವನು ಕತ್ತಿ ಬಿಟ್ಟು ಅದೇ ಕಸುಬಿಗೆ ನಿಂತನಂತೆ.

ಇನ್ನು ಮೀರ್ ಸಾಹೇಬರ ಕತೆ. ಒಂದು ರಾತ್ರಿ ದಾಟಿಸಲು ಕುರುಡರಾದವರು ಮಾರನೆಯ ದಿನ ಕಣ್ಣು ಬಿಡುವಂತಿರಲಿಲ್ಲ. ಕಣ್ಣಿದೆ ಅಂತ ಗೊತ್ತಾದರೆ, ಹಾಗಾದರೆ ಸುಳ್ಳು ಯಾಕೆ ಹೇಳಿದರು ಅಂತ ಊರು ಕೇಳುತ್ತದೆ. ಕೇಳುತ್ತ ಹೋದರೆ ಫಕೀರರ ಜೋಳಿಗೆಯವರೆಗೆ ಹೋಗಿ ಮುಟ್ಟುತ್ತದೆ. ಆಮೇಲೆ ಮತ್ತೆ ಅದೇ ಬೆಂಕಿ, ಅದೇ ಓಣಿಗಳು. ಆದ್ದರಿಂದ ಸಾಯುವ ತನಕ ಕುರುಡರಾಗಿಯೇ ಇರಬೇಕಾಗಿತ್ತು. ಮಗಳಿಗೂ ಹೇಳದೆ, ಹುಸೇನಪ್ಪನಿಗೂ ಹೇಳದೆ. ಎರಡೂ ಕಡೆಯ ಹಕೀಮರು ಬಂದು ಕಣ್ಣು ಪರೀಕ್ಷೆ ಮಾಡಿದರು. ಒಬ್ಬರು ಉಷ್ಣ ಅಂದರು, ಒಬ್ಬರು ಶೀತ ಅಂದರು. ಇಬ್ಬರೂ ಉರಿಯುವ ರಸ ಹಿಂಡಿದರು. ಕಡೆಗೆ ಇದು ವಾಸಿಯಾಗದ ಕುರುಡು ಅಂತ ಇಬ್ಬರೂ ಒಪ್ಪಿದರು. ಸಫಾಗಢದ ಚರಿತ್ರೆಯಲ್ಲಿ ಎರಡು ಪಕ್ಷದ ಹಕೀಮರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಸಕೀನಾ ಗಂಡು ಹೆತ್ತಳು. ಕೂಸನ್ನು ತಂದು ಅಜ್ಜನ ತೊಡೆಯ ಮೇಲೆ ಮಲಗಿಸಿದಳು. ಮೀರ್ ಸಾಹೇಬರು ಗೋಡೆಯ ಮೊಳೆಯೊಂದನ್ನು ನೋಡುತ್ತ ಕೂಸಿನ ಮೂಗು, ಕಿವಿ, ಹುಬ್ಬು ಸವರಿದರು. "ಯಾರ ಹಾಗಿದ್ದಾನೆ?" ಅಂತ ಕೇಳಿದರು. "ನಿಮ್ಮ ಹಾಗೇ, ಅಬ್ಬಾ," ಅಂದಳು ಸಕೀನಾ. ನೋಡಿ ಖಚಿತ ಮಾಡಿಕೊಳ್ಳುವಂತಿರಲಿಲ್ಲ.

ಅದಕ್ಕಿಂತಲೂ ಕಷ್ಟವಾದದ್ದು ಪುಸ್ತಕ. ಎರಡು ಪಂಗಡಗಳಿಗೆ ಎಲ್ಲೆಲ್ಲಿ ಭಿನ್ನಾಭಿಪ್ರಾಯ ಎಂಬುದರ ಮೇಲೆ ಪಂಡಿತರೆಲ್ಲ ಬರೆದಿದ್ದರು. ಮೀರ್ ಸಾಹೇಬರು ಎಲ್ಲೆಲ್ಲಿ ಜಗಳವೇ ಇಲ್ಲ ಎಂಬುದನ್ನು ಬರೆಯಲು ಕೂತಿದ್ದರು. ಸಣ್ಣ ಪುಸ್ತಕವಾದೀತು ಅಂತ ಶುರು ಮಾಡಿದ್ದು ವರ್ಷಗಳು ಕಳೆದಂತೆ ದಿಂಬಿನಷ್ಟು ದಪ್ಪವಾಗಿತ್ತು. ಬೇರೆ ಪ್ರತಿ ಇರಲಿಲ್ಲ. ಈಗ ಅದು ಎದುರಿನ ಗೂಡಿನಲ್ಲಿ, ಅರ್ಧ ಬರೆದ ಹಾಳೆ ಹೊರಗೆ ಚಾಚಿಕೊಂಡು, ಹಗಲೆಲ್ಲ ಅವರನ್ನು ನೋಡುತ್ತಿತ್ತು. ಅವರು ಅದನ್ನು ನೋಡುವಂತಿರಲಿಲ್ಲ.

ಚಳಿಗಾಲದಲ್ಲಿ ವಿಲಾಯತಿಗಳ ನಡುವೆ ಗುಸುಗುಸು ಎದ್ದಿತು. ಮೀರ್ ಸಾಹೇಬರು ಕುಂಟುತ್ತ ಅಂಗಳ ದಾಟುವಾಗ ಕಾಲಡಿಗೆ ಬಂದ ಕೋಳಿಮರಿಯೊಂದನ್ನು ತುಳಿಯದೆ ದಾಟಿದರಂತೆ. ಮರಿ ಹಳದಿ ಬಣ್ಣದ್ದು, ಚೀಂವ್ ಅಂದೂ ಇರಲಿಲ್ಲವಂತೆ. ಇದು ಇಸ್ಫಂದನ ಕಿವಿಗೆ ಬಿತ್ತು.

ಅವನು ಒಂದು ಮುಂಜಾನೆ ಬಂದ. ಸ್ವತಃ ಅಗ್ಗಿಷ್ಟಿಕೆ ಹೊತ್ತು ತಂದು ಮಾವನ ಮುಂದಿಟ್ಟ. "ಚಳಿ ಬಹಳ, ಮಾವನವರೇ. ಕಾಯಿಸಿಕೊಳ್ಳಿ." ಬೆಕ್ಕಿನ ಹೆಜ್ಜೆಯಲ್ಲಿ ಗೂಡಿನ ಹತ್ತಿರ ಹೋಗಿ ಆ ಪುಸ್ತಕವನ್ನು ಎತ್ತಿಕೊಂಡು ಬಂದು ಎದುರಿಗೆ ಕೂತ.

"ಇದ್ದಿಲು ಹಸಿ ಇದೆ. ಸ್ವಲ್ಪ ಹಳೇ ರದ್ದಿ ಕಾಗದ ತಂದಿದ್ದೇನೆ, ಹಾಕುತ್ತೇನೆ."

"ಹಾಕಪ್ಪ."

ಇಸ್ಫಂದ್ ಮೊದಲ ಹಾಳೆ ಹರಿದು ಕೆಂಡದ ಮೇಲಿಟ್ಟ. ಕಣ್ಣು ಮಾವನ ಕಣ್ಣಿನ ಮೇಲೆಯೇ. ಹಾಳೆ ಸುರುಳಿಯಾಗುತ್ತ, ಕಂದುತ್ತ, ಕಡೆಯ ಕ್ಷಣಕ್ಕೆ ಅಕ್ಷರಗಳು ಹೊಳೆದವು. ಬಾಯಾರಿದವನಿಗೆ ನೀರು ಕೊಡುವ ಮೊದಲು ಅವನ ಪಂಗಡ ಕೇಳಬಾರದು, ಇದರಲ್ಲಿ ಎರಡು ಕಡೆಯವರಿಗೂ ಭಿನ್ನಾಭಿಪ್ರಾಯವಿಲ್ಲ, ಎಂಬ ಪ್ರಕರಣ. ಅದನ್ನು ಬರೆದ ಬೇಸಿಗೆ ಮೀರ್ ಸಾಹೇಬರಿಗೆ ನೆನಪಿತ್ತು. ಆಗ ಹೆಂಡತಿ ಇನ್ನೂ ಬದುಕಿದ್ದಳು. ಮುಂದಿನದು ಅನಾಥರ ಪಾಲು. ಅದರ ಮುಂದಿನದು ನೆರೆಮನೆಯ ಬಾವಿ. ಇಸ್ಫಂದ್ ನಿಧಾನವಾಗಿ, ಒಂದೊಂದೇ, ಅಕ್ಷರ ಮಾವನ ಕಡೆಗೆ ಬರುವಂತೆ ತಿರುಗಿಸಿ ಹಾಕುತ್ತಿದ್ದ.

ಮೀರ್ ಸಾಹೇಬರು ಎರಡೂ ಅಂಗೈ ಚಾಚಿದರು.

"ಒಳ್ಳೇ ಕಾವು," ಅಂದರು. "ಯಾವ ಕಾಗದವೋ, ಚೆನ್ನಾಗಿ ಹಿಡಿಯುತ್ತೆ."

"ಹಳೇದು, ಮಾವನವರೇ. ಯಾರಿಗೂ ಬೇಡದ್ದು."

"ಹೊಗೆ ಮಾತ್ರ ಜಾಸ್ತಿ."

ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೊಗೆಗೆ ಕುರುಡರ ಕಣ್ಣಲ್ಲೂ ನೀರು ಬರುತ್ತದೆ. ಅಷ್ಟರ ಮಟ್ಟಿಗೆ ದೇವರು ಅನುಕೂಲ ಮಾಡಿಟ್ಟಿದ್ದ. ಅವರ ದೃಷ್ಟಿ ಇಸ್ಫಂದನ ಕಿವಿಯ ಪಕ್ಕದ ಗಾಳಿಯಲ್ಲಿ ನೆಟ್ಟಿತ್ತು, ಅಲುಗಲಿಲ್ಲ. ಹಾಳೆ ಹರಿಯುವ ಸದ್ದು, ಉರಿಯುವ ಸದ್ದು. ಅರ್ಧ ಬರೆದ ಕಡೆಯ ಹಾಳೆಯೂ ಹೋಯಿತು. ರಟ್ಟು ಉಳಿಯಿತು.

"ಮುಗಿಯಿತೇನಪ್ಪ?" ಅಂದರು ಮೀರ್ ಸಾಹೇಬರು. "ಇನ್ನೂ ಇದ್ದರೆ ಹಾಕು. ಈಗಷ್ಟೇ ಬೆಚ್ಚಗಾಗುತ್ತಿತ್ತು."

ಇಸ್ಫಂದ್ ರಟ್ಟು ಹಿಡಿದುಕೊಂಡು ಕಲ್ಲಿನಂತೆ ಕೂತಿದ್ದ. ಕಣ್ಣಿರುವ ಯಾವ ಮನುಷ್ಯನೂ ಇದನ್ನು ನೋಡಿಕೊಂಡು ಕೂರಲಾರ. ಹಾಗಾದರೆ ಮಾವ ನಿಜವಾಗಿಯೂ ಕುರುಡರು. ಆ ಸಂಜೆ ನಿಜವನ್ನೇ ಹೇಳಿದ್ದರು. ತಾನು ಒಬ್ಬ ಕುರುಡ ಮುದುಕನನ್ನು ಮೆಟ್ಟಿಲಲ್ಲಿ ಒಬ್ಬನೇ ಇಳಿಯಲು ಬಿಟ್ಟು ಕಾಲು ಮುರಿಸಿದ್ದ. ಈಗ ಅವರ ಜೀವಮಾನವನ್ನು ಅವರ ಕೈ ಕಾಯಿಸಲು ಸುಟ್ಟಿದ್ದ. ಅವನು ಎದ್ದು, ತನ್ನ ಶಾಲು ತೆಗೆದು ಮಾವನಿಗೆ ಹೊದಿಸಿ, ಅವಸರದಲ್ಲಿ ಅಗ್ಗಿಷ್ಟಿಕೆ ಎಡವಿ, ಕಾಲು ಸುಟ್ಟುಕೊಂಡು ಹೊರಗೆ ಹೋದ.

ಎರಡು ದಿನ ಬಿಟ್ಟು ಮತ್ತೆ ಬಂದ. "ಮಾವನವರಿಗೆ ಹೊತ್ತು ಹೋಗೋದು ಕಷ್ಟ. ನಾನು ದಿನಾ ಸಂಜೆ ಏನಾದರೂ ಓದಿ ಹೇಳಲೇ?" ಅಂದ.

ಓದಿದ. ಅವನ ಓದು ಹೇಗಿತ್ತೆಂದರೆ ಕತ್ತಿವರಸೆಯೇ ವಾಸಿ. ಎಲ್ಲಿ ನಿಲ್ಲಬೇಕೋ ಅಲ್ಲಿ ಓಡುತ್ತಿದ್ದ, ಎಲ್ಲಿ ಓಡಬೇಕೋ ಅಲ್ಲಿ ಕೆಮ್ಮುತ್ತಿದ್ದ. ಆದರೆ ತಪ್ಪದೆ ಬಂದ. ಸಂಜೆ ಓದಲು ಕೂತವನು ಸಂಚಿನ ಸಭೆಗೆ ಹೋಗುವಂತಿಲ್ಲ; ಸರದಾರ ಬಾರದ ಸಭೆಗಳು ತಾವಾಗಿ ಕರಗಿದವು. ಮುದುಕರ ಆರೋಗ್ಯ ವಿಚಾರಿಸಲು ಬರುತ್ತಿದ್ದ ಸಬೂರ್ ಖಾನನೂ ಗೋಡೆಗೆ ಒರಗಿ ಕೂತು ಕೇಳತೊಡಗಿದ. ಸುಲ್ತಾನರು ತೀರಿಕೊಂಡ ಸುದ್ದಿ ಬಂದ ಸಂಜೆ ಎರಡೂ ಪಕ್ಷದ ನಾಯಕರು ಮೀರ್ ಸಾಹೇಬರ ಮನೆಯಲ್ಲೇ, ಒಂದೇ ಚಾಪೆಯ ಮೇಲೆ ಇದ್ದರು. ಇಬ್ಬರೂ ಎದ್ದು ನಿಂತರು. ಇಬ್ಬರ ಕೈಯೂ ಸೊಂಟಕ್ಕೆ ಹೋಯಿತು. ಆಯುಧಗಳು ಬಾಗಿಲ ಹೊರಗೆ, ಜೋಡುಗಳ ಪಕ್ಕದಲ್ಲಿದ್ದವು.

"ಕೂತುಕೊಳ್ಳಿ," ಅಂದರು ಮೀರ್ ಸಾಹೇಬರು. "ಎಳೆಯ ರಾಜಕುಮಾರನಿಗೆ ಪಟ್ಟ ಕಟ್ಟಬೇಕು. ಯಾರು ಮೊದಲು ಸಲಾಮು ಮಾಡಬೇಕು ಅಂತ ಇಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. ನಾನಂತೂ ನೋಡುವುದಿಲ್ಲ."

ಬೆಳಗಾಗುವವರೆಗೂ ಬೈದಾಡಿದರು, ಕೂಗಾಡಿದರು, ಒಟ್ಟಿಗೆ ಸಲಾಮು ಮಾಡುವುದೆಂದು ಒಪ್ಪಿ ಹೊರಟರು. ಊರು ಉರಿಯಲಿಲ್ಲ.

ಅದಾದ ಮೇಲೆ ಒಂದು ಸಂಜೆ, ಇಸ್ಫಂದ್ ಓದಿ ಮುಗಿಸಿ ಎದ್ದಾಗ, ಮೀರ್ ಸಾಹೇಬರು ಅವನ ತೋಳು ತಡಕಿ ಹಿಡಿದು ಕೂರಿಸಿಕೊಂಡರು.

"ನಿನ್ನ ಹತ್ತಿರ ಲೆಕ್ಕಣಿಕೆ ಇದೆಯೇ? ಒಂದಿಷ್ಟು ಬರೆದುಕೊಳ್ಳಬೇಕಾಗಿತ್ತು. ನಾನು ಹೇಳುತ್ತೇನೆ." ಸ್ವಲ್ಪ ಹೊತ್ತು ಗೋಡೆಯ ಮೊಳೆ ನೋಡಿದರು. "ಬಾಯಾರಿದವನಿಗೆ ನೀರು ಕೊಡುವ ಪ್ರಕರಣ. ಇದರಲ್ಲಿ ಎರಡು ಕಡೆಯವರಿಗೂ ಭಿನ್ನಾಭಿಪ್ರಾಯವಿಲ್ಲ."

ಲೆಕ್ಕಣಿಕೆ ಹಾಳೆಯ ಮೇಲೆ ನಿಂತುಬಿಟ್ಟಿತು.

"ಮಾವನವರೇ," ಇಸ್ಫಂದನ ದನಿ ತೀರ ಸಣ್ಣದಾಗಿತ್ತು, "ಇದನ್ನು ಹಿಂದೆಲ್ಲಾದರೂ ಬರೆದಿದ್ದಿರೇ?"

"ಬರೆದಿದ್ದೆ. ಮನೆಯಲ್ಲೇ ಎಲ್ಲೋ ಇರಬೇಕು. ಹುಡುಕೋಣವೆಂದರೆ ನನಗೆ ಕಣ್ಣೆಲ್ಲಿದೆ? ನೀನು ಬರಿ."

ಇಸ್ಫಂದ್ ತಲೆ ತಗ್ಗಿಸಿ ಬರೆಯತೊಡಗಿದ. ಅಕ್ಷರಗಳು ಕೆಸರಲ್ಲಿ ನಡೆದ ಕುದುರೆಯ ಹೆಜ್ಜೆಯ ಹಾಗಿದ್ದವು. ಮೊದಲ ಸಾಲಿನಲ್ಲೇ ಒಂದು ಇಡೀ ಮಾತು ಬಿಟ್ಟುಹೋಗಿತ್ತು. ಹಾಳೆಯ ಮೇಲೆ ಬಿದ್ದ ಹನಿಗೆ ಮಸಿ ಕದಡಿಕೊಂಡು ಹರಡುತ್ತಿತ್ತು. ಮೀರ್ ಸಾಹೇಬರು ಅದೆಲ್ಲವನ್ನೂ ಸ್ಪಷ್ಟವಾಗಿ ನೋಡಿದರು. ಆಮೇಲೆ ಮೆಲ್ಲಗೆ ಮುಖ ತಿರುಗಿಸಿಕೊಂಡು, ಮುಂದಿನ ಸಾಲು ಹೇಳಿದರು.